ಕ್ಷೇತ್ರವೋ ಸಮ್ಮಿತಿಯೋ: ರಶ್ಬಾ–ಷೇಕಾ ಲೇಖನದ ಮರು ಓದು

ರಶ್ಬಾ ಪರಿಣಾಮದ ಚರಿತ್ರೆಯನ್ನು 1984ರಿಂದ ಶುರು ಮಾಡುವುದು ಈಗ ರೂಢಿಯಾಗಿಬಿಟ್ಟಿದೆ. ಆ ವರ್ಷ ಬೈಚ್ಕೋವ್ ಮತ್ತು ರಶ್ಬಾ, ಎರಡು ಅರೆವಾಹಕಗಳ ಸಂಧಿಯಲ್ಲಿ ಸಿಲುಕಿದ ಎಲೆಕ್ಟ್ರಾನುಗಳ ಸ್ಪಿನ್ ಸೀಳಿಗೆ ಸೂತ್ರ ಕೊಟ್ಟರು. ಪಠ್ಯಗಳು ಅದರ ಬೆನ್ನಿಗೇ ಒಂದು ವಿವರಣೆ ಅಂಟಿಸುತ್ತವೆ: ಸಂಧಿಯ ವಿದ್ಯುತ್ ಕ್ಷೇತ್ರವು ಓಡುವ ಎಲೆಕ್ಟ್ರಾನಿಗೆ ಕಾಂತಕ್ಷೇತ್ರವಾಗಿ ತೋರುತ್ತದೆ, ಅದರಿಂದ ಸ್ಪಿನ್ ಮಟ್ಟಗಳು ಸೀಳುತ್ತವೆ. ಇಲ್ಲಿ ಕಾಲವೂ ತಪ್ಪು, ಕಾರಣವೂ ತಪ್ಪು. ಎರಡಕ್ಕೂ ಮೂಲ ಒಂದೇ. 1959ರ ಲೇಖನವನ್ನು ತೆರೆದು ನೋಡಿದವರು ಕಡಿಮೆ.

ರಶ್ಬಾ ಮತ್ತು ಷೇಕಾ ಬರೆದ ಆ ಲೇಖನ ಸೋವಿಯತ್ ಪತ್ರಿಕೆ ‘ಫಿಜಿಕಾ ತ್ವ್ಯೋರ್ದೊವೊ ತೇಲಾ’ದ ಮಾಮೂಲಿ ಸಂಚಿಕೆಯಲ್ಲಿ ಬರಲಿಲ್ಲ, ಅದರ ಲೇಖನ ಸಂಗ್ರಹದ ಎರಡನೆಯ ಸಂಪುಟದಲ್ಲಿ ಬಂತು. ಇಂಗ್ಲಿಷಿನಲ್ಲಿ ಅದು ಸುಲಭವಾಗಿ ಸಿಕ್ಕಿದ್ದು 2015ರಲ್ಲಿ, ‘ನ್ಯೂ ಜರ್ನಲ್ ಆಫ್ ಫಿಸಿಕ್ಸ್’ನ ವಿಶೇಷ ಸಂಗ್ರಹದ ಪೂರಕ ಸಾಮಗ್ರಿಯಾಗಿ. (ಅದಕ್ಕೆ ಮೊದಲು ಓದದವರನ್ನು ಮನ್ನಿಸೋಣ. ಆಮೇಲೂ 1984 ಎಂದೇ ಬರೆಯುತ್ತಿರುವವರಿಗೆ ಯಾವ ನೆಪ ಉಳಿದಿದೆ?) ಲೇಖನದ ವಿಷಯ ವುರ್ಟ್ಜೈಟ್ ಬಗೆಯ ಸ್ಫಟಿಕಗಳ ಶಕ್ತಿಪಟ್ಟಿಗಳ ಸಮ್ಮಿತಿ. ಸಂಧಿಯಿಲ್ಲ, ಗೇಟ್ ಇಲ್ಲ, ಹೊರಗಿನಿಂದ ಹಾಕಿದ ಕ್ಷೇತ್ರವೂ ಇಲ್ಲ. ಕ್ಯಾಡ್ಮಿಯಂ ಸಲ್ಫೈಡಿನಂಥ ಇಡೀ ಗಟ್ಟಿ ಸ್ಫಟಿಕ, ಜೊತೆಗೆ ಗುಂಪು ಸಿದ್ಧಾಂತ, ಅಷ್ಟೆ.

ಆದರೂ ಫಲಿತಾಂಶದಲ್ಲಿ 1984ರ ಪದ ಆಗಲೇ ಇದೆ: ಅಕ್ಷಕ್ಕೆ ಅಡ್ಡಲಾದ ತರಂಗ ಸದಿಶಕ್ಕೆ ನೇರ ಅನುಪಾತದಲ್ಲಿ ಬೆಳೆಯುವ ಸೀಳು. ವಾದವೆಲ್ಲ ನಿಂತಿರುವುದು ಈ ‘ನೇರ ಅನುಪಾತ’ದ ಮೇಲೆ. ನಾಲ್ಕು ವರ್ಷ ಮೊದಲು, 1955ರಲ್ಲಿ, ಡ್ರೆಸೆಲ್‌ಹೌಸ್ ಜಿಂಕ್ ಬ್ಲೆಂಡ್ ರಚನೆಯನ್ನು ಪರಿಶೀಲಿಸಿದ್ದರು. ಅಲ್ಲೂ ವಿಲೋಮ ಸಮ್ಮಿತಿ ಇಲ್ಲ. ಆದರೆ ವಾಹಕ ಪಟ್ಟಿಯ ತಳದಲ್ಲಿ ಸೀಳು ಬೆಳೆಯುವುದು ತರಂಗ ಸದಿಶದ ಮೂರನೆಯ ಘಾತದಂತೆ. (ವೇಲೆನ್ಸ್ ಪಟ್ಟಿಯಲ್ಲಿ ಸಣ್ಣದೊಂದು ರೇಖೀಯ ಪದವಿದೆ, ಅದನ್ನು ಡ್ರೆಸೆಲ್‌ಹೌಸರೇ ಗುರುತಿಸಿದ್ದರು.) ಎರಡೂ ರಚನೆಗಳಲ್ಲಿ ಪ್ರತಿ ಪರಮಾಣುವಿಗೆ ನಾಲ್ಕೇ ನೆರೆ, ಚತುರ್ಮುಖಿ ಜೋಡಣೆಯೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಒಂದರಲ್ಲಿ ಮೂರನೆಯ ಘಾತ, ಇನ್ನೊಂದರಲ್ಲಿ ಮೊದಲನೆಯದು ಏಕೆ?

‘ವಿಲೋಮ ಸಮ್ಮಿತಿ ಮುರಿದರೆ ಸ್ಪಿನ್ ಸೀಳುತ್ತದೆ’ ಎಂಬ ಸೂತ್ರವಾಕ್ಯ ಇಲ್ಲಿ ಕೈಕೊಡುತ್ತದೆ. ಸೀಳಿಗೆ ಅದು ಅನುಮತಿ ಕೊಡುತ್ತದೆ, ಸೀಳಿನ ರೂಪವನ್ನು ಹೇಳುವುದಿಲ್ಲ. ತರಂಗ ಸದಿಶ ಸಾಮಾನ್ಯ ಸದಿಶ. ಸ್ಪಿನ್ ಅಕ್ಷೀಯ ಸದಿಶ, ಕನ್ನಡಿಯಲ್ಲಿ ಬೇರೆ ರೀತಿ ತಿರುಗುವಂಥದ್ದು. ಜಿಂಕ್ ಬ್ಲೆಂಡಿನ ಘನ ಸಮ್ಮಿತಿಯಲ್ಲಿ ಇವೆರಡು ಬೇರೆ ಬೇರೆ ಕುಲಕ್ಕೆ ಸೇರುತ್ತವೆ, ಗುಣಿಸಿದರೆ ಬದಲಾಗದೆ ಉಳಿಯುವ ಪದವೇ ಹುಟ್ಟುವುದಿಲ್ಲ. ವುರ್ಟ್ಜೈಟಿನಲ್ಲಿ ಮಾತ್ರ ಷಟ್ಕೋನದ ಅಕ್ಷಕ್ಕೆ ಮೇಲು ಕೆಳಗೆಂಬ ಭೇದವಿದೆ, ಅದು ಧ್ರುವೀಯ. ಆ ಅಕ್ಷವನ್ನು ಮೂರನೆಯ ಸದಿಶವಾಗಿ ಸೇರಿಸಿಕೊಂಡರೆ ಮೂರೂ ಕೂಡಿ ಒಂದು ಅಚಲ ಪದ ಸಿಗುತ್ತದೆ, ಅದು ರೇಖೀಯ. ರಶ್ಬಾ 1960ರಲ್ಲಿ ಇದನ್ನೇ ಮುಂದುವರಿಸಿ, ಶಕ್ತಿಯ ಕನಿಷ್ಠ ಮಟ್ಟ ಒಂದು ಬಿಂದುವಿನಲ್ಲಿರದೆ ಉಂಗುರದುದ್ದಕ್ಕೂ ಹರಡಿರುತ್ತದೆಂದು ತೋರಿಸಿದರು. ಅದೇ ವರ್ಷ ಕಸೆಲ್ಲಾ ಕೂಡ ವುರ್ಟ್ಜೈಟಿಗೆ ಇಂಥ ಶಕ್ತಿ ಮೇಲ್ಮೈಗಳನ್ನು ವಿವರಿಸಿದರು. ಅವರನ್ನು ಮರೆಯುವುದು ಇನ್ನೊಂದು ಅನ್ಯಾಯ.

ಕ್ಷೇತ್ರವಾದಿಗಳು ಲೆಕ್ಕವನ್ನಾದರೂ ಮಾಡಬಹುದಿತ್ತು. ಅವರ ಕಥೆಯಂತೆ ನಿರ್ವಾತದ ಎಲೆಕ್ಟ್ರಾನಿನ ಸ್ಪಿನ್–ಕಕ್ಷಾ ಗುಣಾಂಕ ಹಿಡಿದರೆ ಅದರ ಪರಿಮಾಣ ಸುಮಾರು 0.0000037 ಚದರ ಆಂಗ್‌ಸ್ಟ್ರಾಮ್. ಗ್ಯಾಲಿಯಂ ಆರ್ಸೆನೈಡಿನಲ್ಲಿ ಅದು ಸುಮಾರು 5, ಇಂಡಿಯಂ ಆರ್ಸೆನೈಡಿನಲ್ಲಿ ನೂರಕ್ಕೂ ಹೆಚ್ಚು. ವ್ಯತ್ಯಾಸ ಹತ್ತು ಲಕ್ಷ ಪಟ್ಟಿನಿಂದ ಕೋಟಿಗಳವರೆಗೆ! ಇಷ್ಟು ದೊಡ್ಡ ಅಂತರವನ್ನು ‘ಸ್ಥೂಲ ಚಿತ್ರಣ’ ಎಂದು ಕ್ಷಮಿಸಲಾಗದು. ಸೀಳಿನ ಬಲ ಬರುವುದು ಪರಮಾಣುಗಳ ಒಡಲಿನಿಂದ, ನ್ಯೂಕ್ಲಿಯಸ್ಸಿನ ಹತ್ತಿರದ ತೀವ್ರ ಕ್ಷೇತ್ರದಿಂದ. ಆ ಬಲ ಯಾವ ರೂಪದಲ್ಲಿ ಹೊರಬರಬೇಕೆಂದು ಸಮ್ಮಿತಿ ನಿರ್ಧರಿಸುತ್ತದೆ.

1997ರಲ್ಲಿ ನಿಟ್ಟಾ ಮತ್ತು ಸಂಗಡಿಗರು ಗೇಟ್ ವೋಲ್ಟೇಜಿನಿಂದ ಸೀಳನ್ನು ಹೆಚ್ಚುಕಡಿಮೆ ಮಾಡಿ ತೋರಿಸಲಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ತೋರಿಸಿದರು, ನಿಜ. ಆದರೆ ಬಂಧಿತ ಸ್ಥಿತಿಯಲ್ಲಿ ಎಲೆಕ್ಟ್ರಾನಿನ ಮೇಲಿನ ಸರಾಸರಿ ಬಲ ಸೊನ್ನೆ. ಆದ್ದರಿಂದ ಅದಕ್ಕೆ ತಾಗುವ ಸರಾಸರಿ ಕ್ಷೇತ್ರವೂ ಬಹುಪಾಲು ಸೊನ್ನೆಯೇ. 1985ರಲ್ಲಿ ಲಾಸ್ನಿಗ್ ವಿವರಿಸಿದಂತೆ, ವಾಹಕ ಪಟ್ಟಿಯ ಸೀಳಿಗೆ ಲೆಕ್ಕಕ್ಕೆ ಬರುವುದು ವೇಲೆನ್ಸ್ ಪಟ್ಟಿಯಲ್ಲಿನ ಕ್ಷೇತ್ರ. ಗೇಟ್ ಮಾಡುವುದು ಎಲೆಕ್ಟ್ರಾನನ್ನು ಬಂಧಿಸಿದ ಬಾವಿಯ ಎರಡು ಬದಿಗಳ ಅಸಮತೆಯನ್ನು ಬದಲಿಸುವ ಕೆಲಸ. ಅಂದರೆ ಅದೂ ಸಮ್ಮಿತಿಯ ವ್ಯವಹಾರವೇ. 1984ರ ಲೇಖನದ ಹೆಚ್ಚುಗಾರಿಕೆಯೂ ಇದರಲ್ಲೇ ಇದೆ: ಸಂಧಿಯೂ ವುರ್ಟ್ಜೈಟಿನಂತೆ ಧ್ರುವೀಯ ಅಕ್ಷವುಳ್ಳದ್ದೆಂದು ಕಂಡು, ಹಳೆಯ ಪದವನ್ನು ಹೊಸ ಪ್ರಯೋಗಗಳಿಗೆ ಅನ್ವಯಿಸಿದ್ದು. (ವಾಸ್ಕೋ 1979ರಲ್ಲೇ ಆ ದಾರಿ ಹಿಡಿದಿದ್ದರು, ಅವರ ಹೆಸರು ಹೇಳುವವರು ಇನ್ನೂ ವಿರಳ.)

2011ರಲ್ಲಿ ಬಿಸ್ಮತ್ ಟೆಲ್ಲುರೋಅಯೊಡೈಡಿನಲ್ಲಿ ಇಶಿಝಾಕಾ ತಂಡ ಕಂಡ ಭಾರಿ ಸೀಳನ್ನು ಹೊಸ ವಿಸ್ಮಯವೆಂದು ಸ್ವಾಗತಿಸಲಾಯಿತು. ಅದರ ಗಾತ್ರ ಹೊಸದು, ನಿಜ. ಆದರೆ ಧ್ರುವೀಯ ಅಕ್ಷವುಳ್ಳ ಗಟ್ಟಿ ಸ್ಫಟಿಕದೊಳಗೆ ರೇಖೀಯ ಸೀಳು ಇರಬೇಕೆಂಬುದು ರಶ್ಬಾ ಮತ್ತು ಷೇಕಾ 52 ವರ್ಷ ಮೊದಲೇ ಬರೆದಿಟ್ಟ ಮಾತು. ಪರಿಣಾಮದ ಹೆಸರಿನಲ್ಲಿ ಷೇಕಾಗೆ ಇನ್ನೂ ಜಾಗ ಸಿಕ್ಕಿಲ್ಲ.