ಅರಸಾಳು ಹಳೆಯ ರೈಲು ನಿಲ್ದಾಣ

ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕಿನ ಅರಸಾಳು ಗ್ರಾಮದಲ್ಲಿ ಶಿವಮೊಗ್ಗ–ತಾಳಗುಪ್ಪ ರೈಲುಮಾರ್ಗದ ಪಕ್ಕದಲ್ಲಿರುವ ಹೆಂಚಿನ ಮಾಡಿನ ಹಳೆಯ ಕಟ್ಟಡ. ನಿಲ್ದಾಣವಾಗಿ ಇದರ ಕೆಲಸ ಮುಗಿದಿದೆ. 2020ರಿಂದ ಇದು ‘ಮಾಲ್ಗುಡಿ ಮ್ಯೂಸಿಯಂ’.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದಾಚೆ ಕಾಡು ಸೀಳಿಕೊಂಡು ಸಾಗರದ ಕಡೆಗೆ ಹಳಿ ಹಾಸಲು ಮೈಸೂರು ಸಂಸ್ಥಾನದ ರೈಲ್ವೆಗೆ 1930ರ ದಶಕವೇ ಬರಬೇಕಾಯಿತು. ಮೀಟರ್‌ಗೇಜಿನ ಈ ದಾರಿ ಜೋಗದ ಹತ್ತಿರದ ತಾಳಗುಪ್ಪದಲ್ಲಿ ಕೊನೆಗೊಳ್ಳುತ್ತಿತ್ತು. ನಡುವಿನ ಅರಸಾಳು ದಿನಕ್ಕೆ ಬೆರಳೆಣಿಕೆಯ ಗಾಡಿ ಕಾಣುವ, ಉಳಿದ ಹೊತ್ತು ಜೀರುಂಡೆಯ ಸದ್ದಷ್ಟೇ ಇರುವ ಊರು.

ಇಲ್ಲೊಂದು ಕಾಕತಾಳೀಯವಿದೆ. ಆರ್.ಕೆ. ನಾರಾಯಣ್ 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಕಾದಂಬರಿ ಬರೆಯಲು ಕೂತಾಗ ಅವರ ಮನಸ್ಸಿಗೆ ಮೊದಲು ಬಂದದ್ದು ಮಾಲ್ಗುಡಿ ಎಂಬ ಕಲ್ಪನೆಯ ಊರಿನ ಪುಟ್ಟ ರೈಲು ನಿಲ್ದಾಣ. ಊರು, ಕಥಾನಾಯಕ ಸ್ವಾಮಿ, ಅವನ ಗೆಳೆಯರು ಎಲ್ಲ ಆಮೇಲೆ. ಕಾದಂಬರಿ ಅಚ್ಚಾದದ್ದು 1935ರಲ್ಲಿ. ಕಾಗದದ ಮೇಲಿನ ನಿಲ್ದಾಣಕ್ಕೂ ಮಲೆನಾಡಿನ ಈ ನಿಲ್ದಾಣಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಎರಡನ್ನೂ ಕೂಡಿಸಿದವರು ನಿರ್ದೇಶಕ ಶಂಕರ್‌ನಾಗ್. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಅವರು ಆಗುಂಬೆಯನ್ನೇ ಮಾಲ್ಗುಡಿ ಮಾಡಿಕೊಂಡಿದ್ದರು. ಆದರೆ ಆಗುಂಬೆಗೆ ರೈಲಿಲ್ಲ. ಹಾಗಾಗಿ ನಿಲ್ದಾಣದ ದೃಶ್ಯಗಳಿಗೆ ಅರಸಾಳು ಒದಗಿಬಂತು. ಧಾರಾವಾಹಿಯ ಮಾಲ್ಗುಡಿ ಮಾತಾಡಿದ್ದು ಹಿಂದಿಯಲ್ಲಿ. ತೆರೆಯ ಮೇಲೆ ಕಂಡದ್ದು ಮಾತ್ರ ಅಪ್ಪಟ ಮಲೆನಾಡು.

ಕೊನೆಯ ವರ್ಷಗಳಲ್ಲಿ ಈ ದಾರಿಯಲ್ಲಿ ಓಡುತ್ತಿದ್ದುದು ಒಂಟಿ ಡಬ್ಬಿಯ ರೈಲ್‌ಬಸ್. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯಿತು. ಅರಸಾಳಿಗೆ ಹೊಸ ನಿಲ್ದಾಣ ಬಂತು, ಹಳೆಯದು ಪಾಳುಬಿತ್ತು. ಮಾರ್ಗ ಬದಲಾದಾಗ ಇಂಥ ಕಟ್ಟಡಗಳನ್ನು ಕೆಡವುವುದುಂಟು. ಇದನ್ನು ಉಳಿಸಿದ್ದು ವಾಸ್ತುಶಿಲ್ಪವಲ್ಲ, ಟಿ.ವಿ.ಯ ನೆನಪು. ನೈರುತ್ಯ ರೈಲ್ವೆ ಇದನ್ನು ದುರಸ್ತಿ ಮಾಡಿಸಿತು. ಕಲೆಯ ಹೊಣೆ ಹೊತ್ತವರು ಜಾನ್ ದೇವರಾಜ್. ಧಾರಾವಾಹಿಗೂ ಅವರೇ ಕಲಾ ನಿರ್ದೇಶಕರು. ಒಳಗೆ ಮಾಲ್ಗುಡಿಯ ಪಾತ್ರಗಳು, ದೃಶ್ಯಗಳು. ಹೊರಗೆ ಹಳೆಯ ಬೋಗಿಯೊಂದರಲ್ಲಿ ‘ಮಾಲ್ಗುಡಿ ಚಾಯ್’ ಅಂಗಡಿ.