ಎಂಜಿನ್ನಿಗೆ ದಾರಿ ಬಿಟ್ಟ ಹಾಡುಗಳು

ಕಾರು ಸಾಹಸಚಿತ್ರಗಳ ಜನಪ್ರಿಯ ಹಾಡುಗಳನ್ನು ವೇಗದ ಹಾಡುಗಳೆಂದೇ ಎಣಿಸುವುದು ರೂಢಿ. ಹಾಲಿವುಡ್ಡಿನ ಚರಿತ್ರೆ ಹೇಳುವುದು ಬೇರೆ: ವೇಗ ಹೆಚ್ಚಿದಂತೆ ಹಾಡು ಹಿಂದೆ ಸರಿದಿದೆ. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಮಸ್ಟಾಂಗ್ ಮತ್ತು ಚಾರ್ಜರ್ ಕಾರುಗಳು ಒಂದಕ್ಕೊಂದು ಹೊಂಚು ಹಾಕುವಷ್ಟು ಹೊತ್ತು ಲಾಲೊ ಶಿಫ್ರಿನ್ ಅವರ ಜಾಜ್ ಇರುತ್ತದೆ; ಚಾರ್ಜರ್ ಚಕ್ರ ಕಿರುಚಿ ಮುನ್ನುಗ್ಗಿದೊಡನೆ ವಾದ್ಯಗಳು ನಿಲ್ಲುತ್ತವೆ. ಅಲ್ಲಿಂದಾಚೆ ಟೈರು, ಗೇರು, ಎಂಜಿನ್ನುಗಳದೇ ಸದ್ದು. 1971ರ ‘ದಿ ಫ್ರೆಂಚ್ ಕನೆಕ್ಷನ್’ನಲ್ಲಿ ಮೇಲ್ಸೇತುವೆಯ ರೈಲನ್ನು ಕಾರು ಬೆನ್ನಟ್ಟುವಾಗಲೂ ಸಂಗೀತವಿಲ್ಲ. ಎಂಜಿನ್ನಿಗೆ ತನ್ನದೇ ಏರುವ ಶ್ರುತಿಯಿದೆ, ಗೇರು ಬಿದ್ದಾಗ ತಾಳವೂ ಇದೆ. ಅದರ ಮೇಲೆ ಇನ್ನೊಂದು ಸಂಗೀತ ಹೇರಿದರೆ ಎರಡೂ ಕೆಡುತ್ತವೆ.

ಹಾಗಾದರೆ 1977ರ ‘ಸ್ಮೋಕಿ ಅಂಡ್ ದಿ ಬ್ಯಾಂಡಿಟ್’? ಅದರಲ್ಲಿ ಲಾರಿ ಚಾಲಕನ ಪಾತ್ರ ಮಾಡಿದ ಜೆರ್ರಿ ರೀಡ್ ಅವರೇ ಹಾಡಿದ ‘ಈಸ್ಟ್‌ಬೌಂಡ್ ಅಂಡ್ ಡೌನ್’ ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು, ಓಟದ ಮೇಲೆಯೇ ಕೇಳಿಸುತ್ತದೆ ಕೂಡ. ಆದರೆ ಅದು ವರ್ಣಿಸುವುದು ವೇಗವನ್ನಲ್ಲ, ಕೆಲಸವನ್ನು. ಟೆಕ್ಸಾರ್ಕಾನಾದಿಂದ ಅಟ್ಲಾಂಟಾಕ್ಕೆ ಗಡುವಿನೊಳಗೆ ಬಿಯರ್ ಮುಟ್ಟಿಸುವ ಸಾಹಸವನ್ನು ಲಾವಣಿಕಾರನಂತೆ ಹೇಳಿ, ಉದ್ದದ ಹೆದ್ದಾರಿಯನ್ನು ಬೇಸರವಿಲ್ಲದೆ ದಾಟಿಸುತ್ತದೆ.

ಕಾರು ಚಿತ್ರಗಳಲ್ಲಿ ಹಾಡು ಇಡುವುದೆಲ್ಲ ಧ್ವನಿಮುದ್ರಿಕೆ ಮಾರುವ ಹೂಟ ಎನ್ನುವವರಿದ್ದಾರೆ. ಅರ್ಧ ನಿಜ. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ನಲ್ಲಿ ರ‍್ಯಾಪ್ ಗಾಯಕ ಜಾ ರೂಲ್ ನಟಿಸಿದ್ದರು, ಧ್ವನಿಮುದ್ರಿಕೆಯಲ್ಲೂ ಇದ್ದರು; ಎರಡು ವರ್ಷದ ನಂತರದ ಭಾಗದಲ್ಲಿ ಲುಡಾಕ್ರಿಸ್ ಅವರದೂ ಅದೇ ಇಬ್ಬಗೆಯ ಪಾತ್ರ. ವ್ಯಾಪಾರವಿಲ್ಲದೆ ಇಂಥ ಹೊಂದಾಣಿಕೆ ನಡೆಯುವುದಿಲ್ಲ. ಆದರೂ ಸರಣಿಯ ಅತಿ ದೊಡ್ಡ ಹಾಡನ್ನು ಈ ವಾದ ವಿವರಿಸಲಾರದು. 2013ರಲ್ಲಿ ತೀರಿಕೊಂಡ, ಸರಣಿಯ ನಾಯಕನಟ ಪಾಲ್ ವಾಕರ್ ಅವರಿಗೆ ವಿದಾಯವಾಗಿ 2015ರ ‘ಫ್ಯೂರಿಯಸ್ 7’ಕ್ಕೆ ಬಂದ ‘ಸೀ ಯು ಅಗೇನ್’ ಪಿಯಾನೊ ಮೇಲೆ ನಿಧಾನಕ್ಕೆ ಸಾಗುವ ಶೋಕಗೀತೆ. ಯಾರೂ ಯಾರನ್ನೂ ಬೆನ್ನಟ್ಟದೆ, ಎರಡು ಕಾರು ಬೇರೆ ಬೇರೆ ದಾರಿ ಹಿಡಿಯುವಾಗ ಅದು ಕೇಳಿಸುತ್ತದೆ. ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಅದು ಒಟ್ಟು 12 ವಾರವಿತ್ತು. ಚಿತ್ರದ ಅಬ್ಬರದ ಹಾಡುಗಳಿಗೂ ಅದೇ ಮಾರುಕಟ್ಟೆಯ ಬೆಂಬಲವಿತ್ತು. ಅವು ಅಷ್ಟು ದೂರ ಹೋಗಲಿಲ್ಲ.

ನಿಜಕ್ಕೂ ಗಟ್ಟಿಯಾದ ಆಕ್ಷೇಪ 2017ರ ‘ಬೇಬಿ ಡ್ರೈವರ್’. ಅದರ ಮೊದಲ ಓಟ ಜಾನ್ ಸ್ಪೆನ್ಸರ್ ಬ್ಲೂಸ್ ಎಕ್ಸ್‌ಪ್ಲೋಷನ್ ತಂಡದ ‘ಬೆಲ್‌ಬಾಟಮ್ಸ್’ ಹಾಡಿನೊಂದಿಗೇ ನಡೆಯುತ್ತದೆ, ಗೆಲ್ಲುತ್ತದೆ ಸಹ. ಆದರೆ ಇಲ್ಲಿ ಓಟಕ್ಕೆ ಹಾಡು ಕಟ್ಟಿಲ್ಲ, ಹಾಡಿಗೆ ಓಟ ಕಟ್ಟಿದ್ದಾರೆ: ತಿರುವು, ಬ್ರೇಕು, ಸಂಕಲನದ ಕತ್ತರಿ ಎಲ್ಲವೂ ಅದರ ಲೆಕ್ಕಕ್ಕೆ ಬೀಳುತ್ತವೆ. ಇದರ ಬೇರು ಕಾರು ಚಿತ್ರಗಳ ಪರಂಪರೆಯಲ್ಲೂ ಇಲ್ಲ. ನಿರ್ದೇಶಕ ಎಡ್ಗರ್ ರೈಟ್ ಈ ಕಲ್ಪನೆಯನ್ನು 2003ರಲ್ಲೇ, ಮಿಂಟ್ ರಾಯಲ್ ತಂಡಕ್ಕೆ ಮಾಡಿಕೊಟ್ಟ ಒಂದು ಮ್ಯೂಸಿಕ್ ವಿಡಿಯೊದಲ್ಲಿ ಬಳಸಿದ್ದರು.