ಅಳಿಸುವ ಬರಹ, ಅಳಿಯದ ಶಾಯಿ

ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಸಂಗತಿ ಉಳಿದಿರುವುದು ಹರಿಹರದ ಕಲ್ಲಿನಲ್ಲಿ. ಕಲ್ಲಿಗೆ ಶಾಯಿ ಬೇಡ; ಓಲೆಗರಿಗೆ ಬೇಕಿತ್ತು. ಕಂಟದಿಂದ ಕೊರೆದ ಅಕ್ಷರ ಕಾಣಿಸಲು ದೀಪದ ಮಸಿ ಸವರುತ್ತಿದ್ದರು. ವ್ಯಾಪಾರಿಗಳ ಲೆಕ್ಕಕ್ಕೆ ಕಡತವಿತ್ತು: ಇದ್ದಿಲು ಪುಡಿ, ಹುಣಸೆಬೀಜದ ಅಂಟು ಬಳಿದ ಬಟ್ಟೆಯ ಮೇಲೆ ಬಳಪದ ಬರಹ. ಅದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಕಾಗದ, ಪೆನ್ನು ಬಂದ ಮೇಲೆ ಕಡತ ಮರೆಯಾಯಿತು. ಹೆಸರು ಮಾತ್ರ ಕಚೇರಿಯ ಫೈಲಿಗೆ ಅಂಟಿಕೊಂಡಿತು.

ಅಳಿಸಲಾಗದ ಶಾಯಿಯ ಬೆಲೆ ತಿಳಿಯುವುದು ಚುನಾವಣೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಸ್ಥಾಪಿಸಿದ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ಪೂರೈಸುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆ, ಸೋಪಿಗೆ ಜಗ್ಗದು. ದಾವಣಗೆರೆಯ ಸಾಹುಕಾರರಿಗೂ ಹಮಾಲಿಗೂ ಬೆರಳ ಮೇಲೆ ಬೀಳುವುದು ಅದೇ ಒಂದು ಗೆರೆ, ಒಂದೇ ಮತಕ್ಕೆ.